ಚಾರ್ಲ್ಸನ ಜಾಗದಲ್ಲಿ ಪ್ರೇಮನಾಥ

ಚಾರ್ಲ್ಸ್ ಮರಳಿನ ಮೇಲೆ ಬಿದ್ದು ಕಣಕಾಲು ಹಿಡಿದುಕೊಂಡಿದ್ದ. ಚೆಂಡು ಮಾತ್ರ ಅಲ್ಲಿಂದ ಬಹಳ ದೂರ, ಬಲೆ ಒಣಗಿಸುವ ಕಂಬದ ಬುಡದಲ್ಲಿ ತನ್ನಷ್ಟಕ್ಕೆ ನಿಂತಿತ್ತು. ಕಷ್ಟವಾದದ್ದೇ ಅದು. ಚೆಂಡು ಸ್ವಲ್ಪ ಹತ್ತಿರ ಇದ್ದಿದ್ದರೆ ಪ್ರೇಮನಾಥನ ಮಾತಿಗೆ ಒಂದಿಷ್ಟು ಬೆಲೆ ಇರುತ್ತಿತ್ತು.

"ನಾನು ಚೆಂಡಿಗೇ ಒದ್ದದ್ದು," ಎಂದ ಪ್ರೇಮನಾಥ.

ಎರಡೂ ಟೀಮಿನ ಹುಡುಗರು ಒಮ್ಮೆ ಚೆಂಡಿನ ಕಡೆ ನೋಡಿದರು. ಒಮ್ಮೆ ಚಾರ್ಲ್ಸನ ಕಾಲಿನ ಕಡೆ ನೋಡಿದರು.

"ನಿನ್ನ ಕಾಲು ಅಷ್ಟು ಉದ್ದ ಉಂಟಾ?" ಎಂದು ಕೇಳಿದ ವಿಲ್ಲಿ. ಅವನು ಮಣ್ಣಗುಡ್ಡ ಟೀಮಿನ ಕ್ಯಾಪ್ಟನ್, ಚಾರ್ಲ್ಸನ ದೊಡ್ಡಪ್ಪನ ಮಗ.

ಬೋಳೂರಿನ ಹುಡುಗರಿಗೂ ಮಣ್ಣಗುಡ್ಡದ ಹುಡುಗರಿಗೂ ಪ್ರತಿ ಆದಿತ್ಯವಾರ ಮಧ್ಯಾಹ್ನ ಹೊಳೆದಂಡೆಯಲ್ಲಿ ಮ್ಯಾಚು. ಬೋಳೂರಿನವರು ಮೀನುಗಾರರ ಮಕ್ಕಳು. ಬೆಳಿಗ್ಗೆ ಬಲೆ ಎಳೆದು ಬರುತ್ತಿದ್ದರು. ಮಣ್ಣಗುಡ್ಡದವರು ಇಗರ್ಜಿಗೆ ಹೋಗಿ, ಊಟ ಮಾಡಿ ಬರುತ್ತಿದ್ದರು. ಎಲ್ಲರದ್ದೂ ಬರಿಗಾಲು. ಮೂವತ್ತೆಂಟನೇ ಇಸವಿಯ ಮಂಗಳೂರಿನಲ್ಲಿ ಮಕ್ಕಳಿಗೆ ಬೂಟು ಕೊಡಿಸುವ ಅಪ್ಪಂದಿರು ತೀರಾ ಕಮ್ಮಿ.

ಪ್ರೇಮನಾಥ ಬೋಳೂರು ಟೀಮಿನ ಬ್ಯಾಕ್. ಅಂದರೆ ಗೋಲಿನ ಮುಂದೆ ನಿಂತು, ಬಂದವರನ್ನು ತಡೆಯುವವನು. ಅವನಿಗೆ ಒಬ್ಬ ಗುರು ಇದ್ದ. ಹಂಚಿನ ಕಾರ್ಖಾನೆಯ ಟೀಮಿನ ಬ್ಯಾಕ್ ರಹ್ಮತ್. ಕಾರ್ಖಾನೆಯವರು ಅವನಿಗೆ ಸಂಬಳ ಕೊಡುತ್ತಿದ್ದದ್ದು ಫುಟ್‌ಬಾಲ್ ಆಡುವುದಕ್ಕೇ. ಅವನು ಒಂದು ಹಂಚು ಎತ್ತಿದ್ದನ್ನೂ ಯಾರೂ ನೋಡಿರಲಿಲ್ಲ. ರಹ್ಮತ್ ಒದ್ದರೆ ಚೆಂಡು ಒಂದು ಕಡೆ, ಆಟಗಾರ ಒಂದು ಕಡೆ. ಜನ ಚಪ್ಪಾಳೆ ತಟ್ಟುತ್ತಿದ್ದರು. ರೆಫ್ರಿ ಸೀಟಿ ಊದುವುದನ್ನು ಮರೆಯುತ್ತಿದ್ದ. ರಹ್ಮತ್ ಎರಡೂ ಕೈ ಸೊಂಟದಲ್ಲಿಟ್ಟು, ಹಲ್ಲು ಕಚ್ಚಿ, ಸಿಂಹದ ಹಾಗೆ ನಿಲ್ಲುತ್ತಿದ್ದ.

ಪ್ರೇಮನಾಥನೂ ಈಗ ಕೈಗಳನ್ನು ಸೊಂಟದಲ್ಲಿಟ್ಟುಕೊಂಡಿದ್ದ. ಆದರೆ ಯಾರೂ ಚಪ್ಪಾಳೆ ತಟ್ಟಲಿಲ್ಲ. ಆದ್ದರಿಂದ ಮೆಲ್ಲಗೆ ತೆಗೆದ.

"ಹೋದ ವಾರ ನಮ್ಮವನು ನಿನ್ನ ಅಂಗಿ ಎಳೆದಾಗ ಎಂತ ಹೇಳಿದ್ದೆ ನೀನು?" ಎಂದ ವಿಲ್ಲಿ.

ಪ್ರೇಮನಾಥನಿಗೆ ಚೆನ್ನಾಗಿ ನೆನಪಿತ್ತು. ಕಲ್ಲಿನ ಮೇಲೆ ಹತ್ತಿ ನಿಂತು ಒಂದು ಭಾಷಣವನ್ನೇ ಮಾಡಿದ್ದ. ಮೋಸದ ಆಟ ಆಡುವವರಿಗೆ ದಯೆ ತೋರಿಸಬಾರದು, ಅಂಗಿ ಎಳೆದವನು ಒಂದು ವರ್ಷ ಆಡಬಾರದು ಎಂದಿದ್ದ. ಶಿಕ್ಷೆ ವಿಧಿಸುವುದೆಂದರೆ ಅವನಿಗೆ ತುಂಬ ಇಷ್ಟ. ಶಿಕ್ಷೆ ಬೇರೆಯವರಿಗೆ ಆಗಬೇಕು, ಅಷ್ಟೇ.

"ಅಂಗಿಗೆ ಒಂದು ವರ್ಷ ಆದರೆ ಕಾಲಿಗೆ ಎಷ್ಟು?" ಎಂದು ವಿಲ್ಲಿ ಕೇಳಿದ.

"ಮದುವೆ ಆಗುವವರೆಗೆ," ಎಂದು ಯಾರೋ ಹಿಂದಿನಿಂದ ಹೇಳಿದರು.

"ಅದೆಲ್ಲ ಬೇಡ. ಚಾರ್ಲ್ಸ್ ಇವನಿಗೆ ಒಂದು ವಾಪಸ್ ಒದೀಲಿ, ಮುಗೀತು," ಎಂದ ಮಣ್ಣಗುಡ್ಡದ ಇನ್ನೊಬ್ಬ.

"ಆಟ ಅಂದ್ಮೇಲೆ ಪೆಟ್ಟು ಬೀಳ್ತದೆ ಮಾರಾಯ. ಕಬಡ್ಡಿಯಲ್ಲಿ ಬೀಳುದಿಲ್ವಾ?" ಎಂದ ತುಕ್ರ. ತುಕ್ರ ಬೋಳೂರು ಟೀಮಿನ ಇನ್ನೊಬ್ಬ ಬ್ಯಾಕ್. ಪ್ರೇಮನಾಥನ ಪಕ್ಕದ ಮನೆಯವನು, ಪಕ್ಕದ ಬೆಂಚಿನವನು.

ಗಲಾಟೆ ಜೋರಾಯಿತು. ಆಗ ಮಗುಚಿ ಹಾಕಿದ್ದ ದೋಣಿಯ ಆಚೆಯಿಂದ ಒಂದು ಕೆಮ್ಮು ಕೇಳಿಸಿತು. ಎಲ್ಲರೂ ಸುಮ್ಮನಾದರು.

ನೆರಳಲ್ಲಿ ಮಲಗಿದ್ದ ಗಿರಿಯಪ್ಪ ಎದ್ದು ಕೂತಿದ್ದರು. ಅವರು ಪ್ರೇಮನಾಥನ ಅಜ್ಜ. ಅದಕ್ಕಿಂತ ದೊಡ್ಡ ಸಂಗತಿಯೆಂದರೆ ಅವರು ಬೋಳೂರಿನ ಗುರಿಕಾರರು. ಬಲೆ, ದೋಣಿ, ಮೀನಿನ ಪಾಲು, ಯಾವ ಜಗಳವಾದರೂ ಅವರ ಮುಂದೆ ಬರಬೇಕು. ಅವರು ಹೇಳಿದ್ದನ್ನು ದಾಟಿದವರನ್ನು ಯಾವ ದೋಣಿಯವರೂ ಹತ್ತಿಸಿಕೊಳ್ಳುತ್ತಿರಲಿಲ್ಲ.

"ಯಾರ ಬಲೆ ಹರಿದದ್ದು?" ಎಂದು ಕೇಳಿದರು ಅಜ್ಜ.

"ಬಲೆ ಅಲ್ಲ ಅಜ್ಜ, ಕಾಲು," ಎಂದ ತುಕ್ರ.

ವಿಲ್ಲಿ ನಡೆದದ್ದನ್ನು ಹೇಳಿದ. ಅಜ್ಜ ಬಂದು ಚಾರ್ಲ್ಸನ ಕಾಲು ಒತ್ತಿ ನೋಡಿದರು. "ಮೂಳೆ ಮುರಿಯಲಿಲ್ಲ, ಬಾತದ್ದು ಮಾತ್ರ," ಎಂದರು. ಆಮೇಲೆ ಮೊಮ್ಮಗನ ಕಡೆ ತಿರುಗಿದರು.

"ನಾನು ಚೆಂಡಿಗೇ ಒದ್ದದ್ದು ಅಜ್ಜ."

"ಚೆಂಡಿಗೋ ಕಾಲಿಗೋ, ಅದು ನಿನಗೆ ಗೊತ್ತು. ನಾನು ನಿದ್ದೆಯಲ್ಲಿದ್ದೆ." ಅಜ್ಜ ಎಲೆ ಅಡಿಕೆಯ ಚೀಲ ಬಿಚ್ಚಿದರು. "ದೋಣಿಯಲ್ಲಿ ನಿನ್ನಿಂದ ಒಬ್ಬನ ಕೈಗೆ ಪೆಟ್ಟಾದರೆ ಎಂತ ಮಾಡ್ತೇವೆ?"

ಬೋಳೂರಿನ ಮಕ್ಕಳೆಲ್ಲರಿಗೂ ಅದು ಗೊತ್ತಿತ್ತು. ಪೆಟ್ಟು ಮಾಡಿದವನು, ಪೆಟ್ಟು ತಿಂದವನ ಹಲಗೆಯಲ್ಲಿ ಕೂತು ಅವನ ಹುಟ್ಟು ಹಾಕಬೇಕು. ಅವನ ಕೈ ಗುಣವಾಗುವವರೆಗೆ.

"ಹಾಗೇ ಮಾಡು. ಈ ಹುಡುಗನ ಕಾಲು ಗುಣ ಆಗುವವರೆಗೆ ಇವನ ಜಾಗದಲ್ಲಿ ನೀನು ಆಡು."

"ಅಜ್ಜ, ಅವನು ಮಣ್ಣಗುಡ್ಡ ಟೀಮು," ಎಂದ ತುಕ್ರ.

"ಆದರೆ ಎಂತ?"

"ಇವ ನಮ್ಮ ಟೀಮು. ನಾವು ಎದುರೆದುರು ಆಡುದು."

ಅಜ್ಜನಿಗೆ ಇದು ಹೊಸ ವಿಷಯ. ದೋಣಿಯಲ್ಲಿ ಎಲ್ಲರೂ ಒಂದೇ ಕಡೆಗೆ ಹುಟ್ಟು ಹಾಕುತ್ತಾರೆ. ಅವರು ಎರಡೂ ಗೋಲಿನ ಕಡೆ ನೋಡಿ ಸ್ವಲ್ಪ ಹೊತ್ತು ಯೋಚಿಸಿದರು.

"ಚೆಂಡು ಎಷ್ಟು ಉಂಟು?"

"ಒಂದು."

"ಒಂದೇ ಅಲ್ವಾ? ಹಾಗಾದರೆ ಯಾವ ಕಡೆ ಆಡಿದರೆ ಎಂತ?" ಎಂದು ಹೇಳಿ ಅಜ್ಜ ಮತ್ತೆ ದೋಣಿಯ ನೆರಳಿಗೆ ಹೋದರು.

ಇದು ಸರಿಯಲ್ಲವೆಂದು ಎಲ್ಲರಿಗೂ ಅನಿಸಿತು. ಆದರೆ ಎಲ್ಲಿ ಸರಿಯಲ್ಲ ಎಂದು ಗುರಿಕಾರರಿಗೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಆ ವಾರ ಪ್ರೇಮನಾಥನ ಅಮ್ಮ ಸುಂದರಿ ಚಾರ್ಲ್ಸನ ಮನೆಗೆ ಬಂಗುಡೆ ಕಳಿಸಿಕೊಟ್ಟರು. ಹೊತ್ತುಕೊಂಡು ಹೋಗಬೇಕಾದವನು ಪ್ರೇಮನಾಥನೇ. ಚಾರ್ಲ್ಸನ ಅಮ್ಮ ಬೈಯುತ್ತಾರೆ ಎಂದುಕೊಂಡು ದಾರಿಯುದ್ದಕ್ಕೂ ಉತ್ತರ ತಯಾರು ಮಾಡಿಕೊಂಡ. ತುಂಬ ಒಳ್ಳೆಯ ಉತ್ತರ. ಅದರಲ್ಲಿ 'ಚೆಂಡು' ಎಂಬ ಮಾತು ಹಲವು ಸಲ ಬರುತ್ತಿತ್ತು. ಆದರೆ ಅವರು ಬೈಯಲಿಲ್ಲ. ಮೀನು ತೆಗೆದುಕೊಂಡು, "ಒಳಗೆ ಇದ್ದಾನೆ, ಹೋಗು," ಎಂದರು. ಉತ್ತರ ದಂಡವಾಯಿತು.

ಚಾರ್ಲ್ಸ್ ಬೆಂಚಿನ ಮೇಲೆ ಕಾಲು ಚಾಚಿ ಕೂತಿದ್ದ. ಕಣಕಾಲಿಗೆ ಎಣ್ಣೆ ಹಚ್ಚಿ ಬಟ್ಟೆ ಸುತ್ತಿದ್ದರು.

"ನೋವುಂಟಾ?"

"ಮೆಟ್ಟಿದರೆ ಉಂಟು."

ಸ್ವಲ್ಪ ಹೊತ್ತು ಇಬ್ಬರೂ ಆ ಬಟ್ಟೆಯನ್ನೇ ನೋಡಿದರು.

"ನಿನ್ನ ಜಾಗ ಲೆಫ್ಟ್ ಔಟಲ್ವಾ, ಅಲ್ಲಿ ಹೇಗೆ ಆಡುದು?" ಎಂದು ಪ್ರೇಮನಾಥ ಕೇಳಿದ. ಏನಾದರೂ ಕೇಳಬೇಕಲ್ಲ.

"ಗೆರೆಯ ಹತ್ತಿರವೇ ಇರು. ಚೆಂಡು ಸಿಕ್ಕಿದ ಕೂಡಲೇ ಓಡು. ನಿಲ್ಲಬೇಡ."

"ನಿಂತರೆ ಎಂತ ಆಗ್ತದೆ?"

"ನಿಂತರೆ ನೀವು ಬರ್ತೀರಿ," ಎಂದ ಚಾರ್ಲ್ಸ್.

'ನೀವು' ಎಂದದ್ದು ಪ್ರೇಮನಾಥನಿಗೆ ಒಂದು ನಮೂನೆ ಆಯಿತು. ಹುಲಿ ಬರ್ತದೆ, ಮಳೆ ಬರ್ತದೆ ಎಂದು ಹೇಳುವ ಹಾಗಿತ್ತು.

"ಚಾರ್ಲ್ಸ್, ನಾನು ಚೆಂಡಿಗೇ ಒದ್ದದ್ದು."

ಚಾರ್ಲ್ಸ್ ಹೌದು ಎನ್ನಲಿಲ್ಲ. ಅಲ್ಲ ಎಂದೂ ಹೇಳಲಿಲ್ಲ. ಬಟ್ಟೆಯ ಗಂಟನ್ನು ಸರಿಮಾಡಿಕೊಂಡ. ಸುಳ್ಳು ಎಂದು ಹೇಳಿದ್ದರೆ ಪ್ರೇಮನಾಥ ಜಗಳ ಮಾಡಬಹುದಿತ್ತು. ಜಗಳದಲ್ಲಿ ಅವನು ಯಾವಾಗಲೂ ಗೆಲ್ಲುತ್ತಿದ್ದ. ಆದರೆ ಸುಮ್ಮನೆ ಕೂತವನ ಹತ್ತಿರ ಗೆಲ್ಲುವುದು ಹೇಗೆ? ಅವನು ಖಾಲಿ ಬುಟ್ಟಿ ತೆಗೆದುಕೊಂಡು ಮನೆಗೆ ಬಂದ.

ಶನಿವಾರ ಶಾಲೆ ಬಿಟ್ಟು ಬರುವಾಗ ತುಕ್ರ ಕೇಳಿದ, "ನಾಳೆ ಎಂತ ಮಾಡ್ತಿ?"

"ಆಡಬೇಕಲ್ಲ."

"ಆಡು. ಆದರೆ ಚೆಂಡು ಬಂದರೆ ಬಿಟ್ಟುಬಿಡು. ಅಜ್ಜನಿಗೆ ಗೊತ್ತಾಗುದಿಲ್ಲ."

"ಅವರ ಟೀಮಿನವರಿಗೆ ಗೊತ್ತಾಗ್ತದೆ."

"ನಿನಗೆ ಯಾರ ಟೀಮು ಬೇಕು? ನಾಳೆ ನೀನು ಗೋಲು ಹೊಡೆದೆಯಾ, ಮತ್ತೆ ನಮ್ಮ ಟೀಮಿಗೆ ಬರಬೇಡ." ತುಕ್ರ ನಗುತ್ತಾ ಹೇಳಲಿಲ್ಲ.

ಬೋಳೂರು ಟೀಮು ಬಿಟ್ಟರೆ ಪ್ರೇಮನಾಥನಿಗೆ ಆಟವೇ ಇಲ್ಲ. ತುಕ್ರನನ್ನು ಬಿಟ್ಟರೆ ಗೆಳೆಯನೂ ಇಲ್ಲ. ಹುಟ್ಟು ನೀರಿಗೆ ತಾಗಿಸಿ ಎಳೆಯದೆ ಕೂರುವವರನ್ನು ಅಜ್ಜ ಏನೆಂದು ಕರೆಯುತ್ತಾರೆ ಎಂಬುದೂ ಅವನಿಗೆ ಗೊತ್ತಿತ್ತು. ಆ ಮಾತನ್ನು ಮಕ್ಕಳ ಕತೆಯಲ್ಲಿ ಬರೆಯುವ ಹಾಗಿಲ್ಲ.

ಕೊನೆಗೆ ಅವನು ಬಹಳ ಬುದ್ಧಿವಂತಿಕೆಯ ಒಂದು ಉಪಾಯ ಕಂಡುಹಿಡಿದ. ಓಡುವುದು, ಆದರೆ ತಲುಪದಿರುವುದು. ಚೆಂಡು ಬಂದಾಗ ಒಂದು ಹೆಜ್ಜೆ ತಡಮಾಡಿದರೆ ಆಯಿತು. ಮಣ್ಣಗುಡ್ಡದವರಿಗೆ ಓಡಿದ ಹಾಗೆ ಕಾಣುತ್ತದೆ, ಬೋಳೂರಿನವರಿಗೆ ಓಡದ ಹಾಗೆ ಕಾಣುತ್ತದೆ.

ಆದಿತ್ಯವಾರ ಈ ಉಪಾಯ ಚೆನ್ನಾಗಿಯೇ ನಡೆಯಿತು. ಎಷ್ಟು ಚೆನ್ನಾಗಿ ಎಂದರೆ, ಸ್ವಲ್ಪ ಹೊತ್ತಿನಲ್ಲಿ ಎರಡೂ ಟೀಮಿನವರು ಅವನನ್ನು ಬೈಯತೊಡಗಿದರು.

"ಇವನಿಗಿಂತ ಒಂದು ಕಾಲಿನ ಚಾರ್ಲ್ಸೇ ಆಗಬಹುದು," ಎಂದ ವಿಲ್ಲಿ.

"ಅಷ್ಟು ಓಡುದು ಯಾಕೆ ನೀನು?" ಎಂದು ತುಕ್ರ ಹಲ್ಲಿನ ನಡುವೆ ಹೇಳಿದ.

ಚಾರ್ಲ್ಸ್ ಗೆರೆಯ ಹೊರಗೆ ಒಂದು ಮರದ ಕೊರಡಿನ ಮೇಲೆ ಕೂತು ನೋಡುತ್ತಿದ್ದ.

ಆಮೇಲೆ ಒಂದು ಸಲ ವಿಲ್ಲಿ ಒದ್ದ ಚೆಂಡು ಯಾರಿಗೋ ತಾಗಿ, ಉರುಳುತ್ತಾ ಬಂದು, ನೇರ ಪ್ರೇಮನಾಥನ ಕಾಲಿನ ಬುಡದಲ್ಲೇ ನಿಂತಿತು. ತಡಮಾಡುವುದಕ್ಕೆ ಒಂದು ಹೆಜ್ಜೆಯೂ ಉಳಿದಿರಲಿಲ್ಲ. ಅವನ ಕಾಲು ತಲೆಯ ಹತ್ತಿರ ಕೇಳಲಿಲ್ಲ. ಓಡಿತು.

ಬ್ಯಾಕ್ ಆಗಿ ಆಡುವಾಗ ಅವನು ಹೀಗೆ ಓಡಿದ್ದೇ ಇಲ್ಲ. ಗೆರೆಯ ಪಕ್ಕದಲ್ಲಿ, ಚೆಂಡನ್ನು ಮುಂದೆ ಇಟ್ಟುಕೊಂಡು, ಗಾಳಿ ಕಿವಿಯಲ್ಲಿ ಹೊಕ್ಕು ಹೊರಡುವ ಹಾಗೆ. ಯಾವ ಟೀಮು ಎಂಬುದು ಅಷ್ಟು ಹೊತ್ತು ಅವನಿಗೆ ಮರೆತೇ ಹೋಯಿತು. ತಲೆ ಎತ್ತಿದಾಗ ಎದುರಿನಿಂದ ಒಬ್ಬ ಬರುತ್ತಿದ್ದ.

ತುಕ್ರ ಎಂದು ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು. ಹುಟ್ಟಿದಾಗಿನಿಂದ ನೋಡಿದ ಮುಖ. ಆದರೆ ಹಲ್ಲು ಕಚ್ಚಿ, ಮೂಗು ಅರಳಿಸಿ, ಕುತ್ತಿಗೆ ಮುಂದೆ ಚಾಚಿ ಬರುತ್ತಿದ್ದ ಆ ಮುಖವನ್ನು ಅವನು ನೋಡಿಯೇ ಇರಲಿಲ್ಲ. ಸಿಂಹದ ಹಾಗೇನೂ ಇರಲಿಲ್ಲ ಅದು. ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿದ ಬೆಕ್ಕಿನ ಹಾಗಿತ್ತು.

'ನಾನೂ ಹೀಗೇ ಕಾಣುತ್ತಿದ್ದೆನಾ?' ಎಂದುಕೊಂಡ ಪ್ರೇಮನಾಥ. ನಗು ಬರಬೇಕಿತ್ತು. ಆದರೆ ಅಷ್ಟರಲ್ಲಿ ತುಕ್ರನ ಕಣ್ಣು ಕಂಡಿತು. ಅದು ಕೆಳಗೆ ನೋಡುತ್ತಿತ್ತು. ಚೆಂಡು ಇದ್ದ ಕಡೆಗಲ್ಲ.

ಪ್ರೇಮನಾಥ ಕಣ್ಣು ಮುಚ್ಚಿಕೊಂಡ.

ಕಣ್ಣು ಬಿಟ್ಟಾಗ ಬಾಯಿಯಲ್ಲಿ ಮರಳಿತ್ತು. ಕಣಕಾಲು ಬೆಂಕಿ ಹಿಡಿದ ಹಾಗಿತ್ತು. ಸುತ್ತ ಎರಡೂ ಟೀಮಿನವರು ನಿಂತಿದ್ದರು. ವಿಲ್ಲಿಗೆ ಸಂತೋಷ ತಡೆಯಲಾಗುತ್ತಿರಲಿಲ್ಲ.

"ಈಗ ತುಕ್ರನೂ ನಮ್ಮ ಟೀಮಿಗೆ. ಗುರಿಕಾರರ ರೂಲು."

"ಪ್ರೇಮನಾಥ ನಮ್ಮವನೇ ಅಲ್ವಾ? ನಮ್ಮವನಿಗೆ ನಾವು ಒದ್ದರೆ ನಿಮಗೆಂತ?" ಎಂದ ಬೋಳೂರಿನ ಒಬ್ಬ.

"ಇವತ್ತು ಅವ ನಮ್ಮವ."

ಹೀಗೇ ಹೋದರೆ ಮಳೆಗಾಲದ ಮೊದಲು ಬೋಳೂರು ಟೀಮು ಪೂರ್ತಿ ಮಣ್ಣಗುಡ್ಡ ಟೀಮಾಗುತ್ತದೆ, ಎದುರು ಆಡಲು ಯಾರೂ ಇರುವುದಿಲ್ಲ ಎಂದು ಪ್ರೇಮನಾಥನಿಗೆ ಅನಿಸಿತು. ಅಷ್ಟು ನೋವಿನಲ್ಲೂ ಅದು ಅನಿಸಿದ್ದಕ್ಕೆ ಅವನಿಗೇ ಆಶ್ಚರ್ಯವಾಯಿತು.

"ನೀನೇ ಹೇಳು," ಎಂದ ವಿಲ್ಲಿ. "ಇವನಿಗೆ ಎಂತ ಶಿಕ್ಷೆ?"

ಎಲ್ಲರೂ ಪ್ರೇಮನಾಥನ ಕಡೆ ನೋಡಿದರು. ಪಕ್ಕದಲ್ಲೇ ಹತ್ತಿ ನಿಲ್ಲಲು ಕಲ್ಲೂ ಇತ್ತು. ಅವನು ಎದ್ದು, ಯಾರ ಕೈಯನ್ನೂ ಹಿಡಿಯದೆ, ಕುಂಟುತ್ತಾ ನೀರಿನ ಹತ್ತಿರ ಹೋಗಿ ಕೂತ.

ಸ್ವಲ್ಪ ಹೊತ್ತಿನ ಮೇಲೆ ತುಕ್ರ ಬಂದು ಪಕ್ಕದಲ್ಲಿ ಕೂತ. ಅವನ ಮುಖ ಈಗ ಮೊದಲಿನ ಹಾಗೇ ಇತ್ತು.

"ನೋವುಂಟಾ?"

"ಉಂಟು."

ನೀರು ಬಂದು ಪ್ರೇಮನಾಥನ ಕಾಲಿಗೆ ತಾಗಿ ಹೋಯಿತು. ಕಡಲು ಹತ್ತಿರವಾದ್ದರಿಂದ ಹೊಳೆಯ ನೀರೂ ಉಪ್ಪು, ಚರ್ಮ ಸುಲಿದ ಕಡೆ ಉರಿಯಿತು.

"ಬರುವಾಗ ನೀನು ಎಂತ ನೋಡ್ತಿದ್ದೆ?" ಎಂದು ಅವನು ಕೇಳಿದ.

"ಚೆಂಡು," ಎಂದ ತುಕ್ರ.

ಹೊಳೆಯ ಆಚೆ ದಡದಲ್ಲಿ ಯಾರೋ ದೋಣಿ ನೂಕುತ್ತಿದ್ದರು. ಅದು ನೀರಿಗಿಳಿಯುವವರೆಗೂ ಇಬ್ಬರೂ ನೋಡಿದರು.

"ಕಾಲು," ಎಂದ ತುಕ್ರ.

"ಅವತ್ತು ನಾನೂ ಕಾಲೇ ನೋಡಿದ್ದು," ಎಂದ ಪ್ರೇಮನಾಥ.

ಹೇಳಿದ ಮೇಲೆ ಹಗುರವಾಗಬೇಕಿತ್ತು. ಆಗಲಿಲ್ಲ. ಯಾಕೆಂದರೆ ತುಕ್ರನ ಕಾಲಿಗೆ ಅವನು ಒದ್ದಿರಲಿಲ್ಲವಲ್ಲ.

ಅವನು ತಿರುಗಿ ನೋಡಿದ. ಹುಡುಗರೆಲ್ಲ ಚೆಂಡು ಹಿಡಿದುಕೊಂಡು ಇನ್ನೂ ವಾದ ಮಾಡುತ್ತಿದ್ದರು. ಚಾರ್ಲ್ಸ್ ಕೊರಡಿನ ಮೇಲೆ ಒಬ್ಬನೇ ಕೂತಿದ್ದ. ಪ್ರೇಮನಾಥ ಎದ್ದು ಆ ಕಡೆ ಹೊರಟ. ಈ ಸಲ ಉತ್ತರ ತಯಾರು ಮಾಡಿಕೊಳ್ಳಲಿಲ್ಲ. ಹೇಳಬೇಕಾದದ್ದು ಒಂದೇ ಮಾತು. ಆದರೂ ಕಾಲಿಗಿಂತ ಬಾಯಿಯೇ ಜಾಸ್ತಿ ಕುಂಟುತ್ತಿದೆ ಎಂದು ಅವನಿಗೆ ಅನಿಸಿತು.