ನೀಲಗವಿಯ ಉಪ್ಪು

ಬಹಳ ಕಾಲದ ಹಿಂದೆ, ಕಡಲ ದಡದಲ್ಲಿ ಅಲೆಗೋಡು ಎಂಬ ರಾಜ್ಯವಿತ್ತು. ಬೆಟ್ಟದಾಚೆಯ ನೀಲಗವಿಯನ್ನು ಧೂಮಾಕ್ಷನೆಂಬ ಮಾಂತ್ರಿಕ ಆಳುತ್ತಿದ್ದ. ಎರಡು ರಾಜ್ಯಗಳ ನಡುವೆ ಸುಂಕವಿಲ್ಲದೆ ಸರಕು ಓಡಾಡಲಿ ಎಂದು ಒಪ್ಪಂದ ಮಾಡಿಸಿದವನು ಅಲೆಗೋಡಿನ ರಾಯಭಾರಿ ಏಚಣ್ಣ.

ಅಲೆಗೋಡಿನ ಮೆಣಸು ಅತ್ತ ಹೋಯಿತು, ಒಳ್ಳೆಯ ಬೆಲೆ ತಂದಿತು. ನೀಲಗವಿಯ ಉಪ್ಪು ಇತ್ತ ಬಂದಿತು. ಮಲ್ಲಿಗೆಯಂಥ ಬಿಳುಪು, ಬೆಲೆಯೋ ಕಾಲುಭಾಗ. ಜನ ಏಚಣ್ಣನನ್ನು ಹೊಗಳಿದರು. ಕಡಲುಪ್ಪನ್ನು ಕೇಳುವವರಿಲ್ಲದೆ ಉಪ್ಪಿನ ಆಗರಗಳು ಒಂದೊಂದಾಗಿ ಹೂಳು ತುಂಬಿದವು. ಆಗರದವರ ಹಿರಿಯಳು ಜಕ್ಕಬ್ಬೆ ಅರಮನೆಗೆ ಬಂದು, ವ್ಯಾಪಾರ ನಡೆಯಲಿ, ಆದರೆ ಒಂದು ಆಗರವನ್ನಾದರೂ ಉಳಿಸಿಕೊಳ್ಳಿ ಎಂದು ಬೇಡಿಕೊಂಡಳು.

“ಕಡಲೇನು ಬತ್ತಿಹೋಗುತ್ತದೆಯೇ, ಅಜ್ಜಿ?” ಎಂದು ಏಚಣ್ಣ ನಕ್ಕ. ಸಭೆಯೂ ನಕ್ಕಿತು.

ಮೂರನೆಯ ವರ್ಷ ಧೂಮಾಕ್ಷ ಮೂರು ಕಲ್ಲಾನೆಗಳೊಡನೆ ಕಣಿವೆಯಿಳಿದು ಬಂದ. ಕುದುರೆಯವರು ಭರ್ಜಿ ಎತ್ತಹೋದರು, ಕೈ ಏಳಲಿಲ್ಲ. ಬಿಲ್ಲಿನವರು ಹೆದೆ ಎಳೆಯಹೋದರು, ಕೈ ಏಳಲಿಲ್ಲ. ಏಚಣ್ಣ ತಾನೇ ಕತ್ತಿ ಹಿರಿಯಹೋದ, ಅವನ ಕೈಯೂ ಏಳಲಿಲ್ಲ.

“ನನ್ನ ಉಪ್ಪು ತಿಂದವರು ನನಗೆ ಎರಡು ಬಗೆಯುವುದುಂಟೆ?” ಎಂದು ಧೂಮಾಕ್ಷ ಮೆತ್ತಗೆ ಕೇಳಿದ. ಅಲೆಗೋಡಿನ ಅರಸನನ್ನು ಸೆರೆಗೆ ಹಾಕಿ ಸಿಂಹಾಸನವೇರಿದ.

ಏಚಣ್ಣ ತಲೆಗೆ ಮುಸುಕು ಹಾಕಿಕೊಂಡು ಕಡಲಿನತ್ತ ನಡೆದ. ದಾರಿಯಲ್ಲಿ ಯಾರೂ ಬೈಯಲಿಲ್ಲ. ಅದೇ ಅವನನ್ನು ಹೆಚ್ಚು ಸುಟ್ಟಿತು. ಜಕ್ಕಬ್ಬೆ ಬಂಡೆಯ ಗುಳಿಗಳಲ್ಲಿ ಒಣಗಿದ್ದ ಚಿಟಿಕೆ ಉಪ್ಪನ್ನು ಕೆರೆದುಕೊಳ್ಳುತ್ತಿದ್ದಳು. ಮಾಂತ್ರಿಕನ ಉಪ್ಪನ್ನು ಅವಳು ಒಂದು ದಿನವೂ ನಾಲಗೆಗೆ ಇಟ್ಟವಳಲ್ಲ. ಏನೂ ಕೇಳದೆ ಏಚಣ್ಣನ ಕೈಗೆ ಗುದ್ದಲಿ ಕೊಟ್ಟಳು.

ಮೊದಲು ಕಟ್ಟಿದ ಆಗರದ ಕಟ್ಟೆಯನ್ನು ಅಲೆ ಒಡೆಯಿತು. ಎರಡನೆಯದನ್ನು ಕಲ್ಲಾನೆ ಬಂದು ತುಳಿಯಿತು. ಮೂರನೆಯದನ್ನು ಆಗರದವರೆಲ್ಲ ಸೇರಿ ಕೆಸರಿನ ಹಿನ್ನೀರಿನಾಚೆ ಕಟ್ಟಿದರು. ತುಳಿಯಬಂದ ಆನೆ ಕೆಸರಿನಲ್ಲೇ ಹೂತುಹೋಯಿತು. ಬಿಸಿಲಿಗೆ ನೀರು ಆರಿ ಬೂದು ಬಣ್ಣದ ಉಪ್ಪು ಕೂತಿತು.

ಆ ಉಪ್ಪು ಬೆರೆಸಿದ ಗಂಜಿ ಕುಡಿದವರ ಕೈಗಳು ಎದ್ದವು. ಉಳಿದೆರಡು ಆನೆಗಳು ಭರ್ಜಿಯ ಏಟಿಗೆ ಬಿರಿದು ಪುಡಿಯಾದವು. ಹೊಗೆಯಾಗಿ ಓಡಿದ ಧೂಮಾಕ್ಷ ಮತ್ತೆ ಮೈ ತಾಳಲಿಲ್ಲ.

ಬಿಡುಗಡೆಯಾದ ಅರಸ ತುಂಬಿದ ಸಭೆಯಲ್ಲಿ ಏಚಣ್ಣನಿಗೆ ಶಾಲು ಹೊದಿಸಲು ಎದ್ದ. ಏಚಣ್ಣ ಹಿಂದೆ ಸರಿದ.

“ಆಗರ ಮುಚ್ಚಿಸಿದ್ದು ಮಾಂತ್ರಿಕನಲ್ಲ, ಪ್ರಭು, ನಾನು. ಈ ತಾಯಿ ಬೇಡಿಕೊಂಡಾಗ ನಕ್ಕುಬಿಟ್ಟೆ,” ಎಂದ. ನೆಲದಿಂದ ಕಣ್ಣೆತ್ತಲಾಗಲಿಲ್ಲ. ಅಂದು ಜೊತೆಗೆ ನಕ್ಕವರೂ ಒಬ್ಬೊಬ್ಬರಾಗಿ ತಲೆ ತಗ್ಗಿಸಿದರು.

“ಗೊತ್ತು, ಮಗಾ,” ಎಂದಳು ಜಕ್ಕಬ್ಬೆ. “ನಾಳೆ ಕಟ್ಟೆಗೆ ಮಣ್ಣು ಮೆತ್ತುವುದಿದೆ. ಬಾ.”

ಏಚಣ್ಣ ಹೋದ. ನೀಲಗವಿಯವರು ಒಳ್ಳೆಯವನೊಬ್ಬನನ್ನು ಅರಸನನ್ನಾಗಿ ಮಾಡಿಕೊಂಡರು, ಕಣಿವೆಯಲ್ಲಿ ಮತ್ತೆ ಸರಕು ಹೊತ್ತ ಎತ್ತುಗಳ ಗಂಟೆಗಳು ಕೇಳಿಸಿದವು. ಅಲೆಗೋಡಿನ ಆಗರಗಳೂ ಪಾಳು ಬೀಳಲಿಲ್ಲ. ಎರಡೂ ನಾಡಿನವರು ನೂರ್ಕಾಲ ಉಂಡುಟ್ಟು ನೆಮ್ಮದಿಯಿಂದ ಬಾಳಿದರು.