ವಾಪಸ್ ಬಾರದ ಕ್ಯಾಸೆಟ್

"ನಾನು ನಿಮ್ಮನ್ನು ನೋಡೋಕೆ ಬಂದಿಲ್ಲ. ನನ್ನ ಕ್ಯಾಸೆಟ್ ತಗೊಂಡು ಹೋಗೋಕೆ ಬಂದಿದೀನಿ."

ಬಾಗಿಲು ತೆರೆದವನ ಒಂದು ಕೆನ್ನೆಯ ಮೇಲೆ ಇನ್ನೂ ಸೋಪಿನ ನೊರೆಯಿತ್ತು. ಭಾನುವಾರದ ದಿನ ಮಧುಗಿರಿಯ ಹುಡುಗಿಯೊಬ್ಬಳು ಪಾವಗಡದ ತನ್ನ ಮನೆಯ ಹೊಸ್ತಿಲಲ್ಲಿ ನಿಂತು ಹೀಗೆ ಹೇಳುತ್ತಾಳೆಂದು ಚಂದ್ರಶೇಖರಯ್ಯ ಎಣಿಸಿರಲಿಲ್ಲ.

ಇವನೇನಾ? ಅಂಬುಜಾಕ್ಷಿ ಮನಸ್ಸಿನಲ್ಲೇ ಮೂತಿ ತಿರುಗಿಸಿದಳು. ಫೋಟೋದಲ್ಲಿ ಇನ್ನೂ ಸ್ವಲ್ಪ ಬುದ್ಧಿ ಇದ್ದವನ ಹಾಗೆ ಕಂಡಿದ್ದ...

ಸಂಬಂಧ ಕೇಳಿದ್ದು ಗಂಡಿನ ಕಡೆಯವರೇ. ಹುಡುಗನಿಗೆ ಬ್ಯಾಂಕಿನಲ್ಲಿ ಕೆಲಸ. ಅವನ ತಾಯಿ ಸರೋಜಮ್ಮನಿಗೆ ಸಕ್ಕರೆ ಕಾಯಿಲೆ, ಕಾಲು ಊದಿಕೊಂಡು ಬಸ್ಸು ಹತ್ತಲಾರರು. ಹೆಣ್ಣು ನೋಡುವ ಶಾಸ್ತ್ರದಲ್ಲಿ ಹುಡುಗಿ ಹಾಡುವುದನ್ನು ತಾವೂ ಕೇಳಬೇಕೆಂದು ಆಸೆಪಟ್ಟರು. ಅದಕ್ಕೇ ಫೋಟೋದ ಜೊತೆ ಒಂದು ಕ್ಯಾಸೆಟ್ ಕೂಡ ಪಾವಗಡಕ್ಕೆ ಹೋಯಿತು. ಅಂಬುಜಾಕ್ಷಿ ತನ್ನ ಮನೆಯ ಡೆಕ್ಕಿನ ಮುಂದೆ ಕುಳಿತು ಹಾಡಿದ ವಚನಗಳು ಅದರಲ್ಲಿದ್ದವು.

ಮಧ್ಯಸ್ಥಿಕೆ ವಹಿಸಿದ್ದ ರೇಣುಕಯ್ಯನವರು ಉತ್ತರ ತಂದರು. ಹುಡುಗಿಯದು ಮೂಗಿನ ದನಿಯಂತೆ, ನಡುಗುತ್ತದಂತೆ. ಬೇಡವಂತೆ.

ಬೇಡವಾದ ಹುಡುಗಿಯ ಫೋಟೋ ಗಂಡಿನ ಮನೆಯಲ್ಲಿ ಉಳಿಯಬಾರದು. ಎಲ್ಲರೂ ಪಾಲಿಸುವ ಮರ್ಯಾದೆ ಅದು. ಫೋಟೋ ಆ ದಿನವೇ ಬಂತು. ಕ್ಯಾಸೆಟ್ ಮಾತ್ರ ಬರಲಿಲ್ಲ. ಹೇಳಿ ಕಳಿಸಿದರೂ ಬರಲಿಲ್ಲ.

ಅಂದಿನಿಂದ ಅಂಬುಜಾಕ್ಷಿ ಬಾಯಿಬಿಟ್ಟು ಹಾಡಿರಲಿಲ್ಲ. ತನ್ನನ್ನು ಬೇಡವೆಂದ ಮನೆಯಲ್ಲಿ ತನ್ನ ದನಿ ಇದೆ, ಯಾರು ಯಾರೋ ಕೇಳಿ ನಗುತ್ತಿರಬಹುದು ಎಂದುಕೊಂಡರೆ ತುಟಿಗೆ ಬಂದ ಹಾಡು ಅಲ್ಲೇ ನಿಲ್ಲುತ್ತಿತ್ತು. ಅದನ್ನು ಕಿತ್ತುಕೊಂಡು ಬಂದ ಹೊರತು ತಾನಿನ್ನು ಹಾಡಲಾರೆ ಅನ್ನಿಸಿತ್ತು.

"ಒಂದು ಕ್ಯಾಸೆಟ್ಟಿಗೋಸ್ಕರ ಇಷ್ಟು ದೂರ ಬಂದ್ರಾ?" ಅವನ ತುಟಿ ಓರೆಯಾಯಿತು.

"ನಿಮಗೆ ಕೊಟ್ಟು ಕಳಿಸೋ ಮರ್ಯಾದೆ ಇದ್ದಿದ್ರೆ ಬರ್ತಿರಲಿಲ್ಲ."

ಜೊತೆಗೆ ಬಂದಿದ್ದ ಸೋದರತ್ತೆ ಅಶ್ವತ್ಥಮ್ಮ ಸೆರಗಿನಿಂದ ಬೆವರು ಒರೆಸಿಕೊಂಡು ಒಳಗೆ ಇಣುಕಿದರು. "ಏನೂ ತಿಳ್ಕಬೇಡಿ ಕಣಮ್ಮ, ನಮ್ ಹುಡುಗಿ ಬಾಯಿ ಇಂಗೇ. ಬ್ಯಾಡ ಅಂದ್ರೂ ಬಸ್ ಹತ್ತುಬುಟ್ಲು."

ಒಳಗಿನಿಂದ ತೆಲುಗು ಬೆರೆತ ಸರೋಜಮ್ಮನ ದನಿ ಬಂತು. "ಬಿಸಿಲಲ್ಲಿ ಬಂದಿದೀರಿ, ಒಳಗ್ ಬಾ ತಲ್ಲಿ. ಜಗಳ ಕೂತ್ಕೊಂಡೂ ಆಡಬಹುದು."

ನೀರು ಬಂತು, ಬೆಲ್ಲ ಬಂತು. ಚಂದ್ರಶೇಖರಯ್ಯ ಮುಖ ತೊಳೆದು ಬಂದವನು ಟೇಬಲ್ ಫ್ಯಾನನ್ನು ಅಶ್ವತ್ಥಮ್ಮನ ಕಡೆ ತಿರುಗಿಸಿದ. ಅಂಬುಜಾಕ್ಷಿ ಅದನ್ನು ನೋಡಿದಳು. ನೋಡಿದ್ದಕ್ಕೆ ತನ್ನ ಮೇಲೇ ಸಿಟ್ಟಾದಳು.

ಮೂಲೆಯ ಮೇಜಿನ ಮೇಲೆ ಕ್ಯಾಸೆಟ್ ಡೆಕ್. ದುಬೈಯಿಂದ ಮರಳಿದ ಸಿರಾದವರೊಬ್ಬರ ಹತ್ತಿರ ಕೊಂಡದ್ದೆಂದು ಅವನು ಬೀಗುತ್ತ ಹೇಳಿದ. ಸೆಕೆಂಡ್ ಹ್ಯಾಂಡ್ ಆದರೇನು, ಇಂಥದ್ದು ಈ ತಾಲ್ಲೂಕಿನಲ್ಲೇ ಇಲ್ಲವಂತೆ. ಅವಳ ಕ್ಯಾಸೆಟ್ ಅದರೊಳಗೇ ಇತ್ತು.

"ನಾನು ಸುಳ್ಳು ಹೇಳಿ ಕಳಿಸಿಲ್ಲ. ನೀವೇ ಕೇಳಿ," ಎಂದು ಗುಂಡಿ ಒತ್ತಿದ.

ಬಾಯಿಗೆ ಬಟ್ಟೆ ಕಟ್ಟಿದಂಥ ದನಿ. ಜ್ವರ ಬಂದ ಮೇಕೆಯ ಹಾಗೆ ನಡುಗುವ ರಾಗ. ಹಿಂದೆಯೇ ಉಸ್ಸೆನ್ನುವ ಸದ್ದು.

ಅಂಬುಜಾಕ್ಷಿ ಬೆಚ್ಚಿದಳು. ಇದು ನಾನಲ್ಲ... ಇವರು ಕೇಳಿದ್ದು ಇದನ್ನಾ?

ಎದ್ದು ಹೋಗಿ ಡೆಕ್ಕಿನ ಪುಟ್ಟ ಬಾಗಿಲು ತೆಗೆದಳು. ಕ್ಯಾಸೆಟ್ ತೆಗೆದು ಒಳಗೆ ಬಗ್ಗಿ ನೋಡಿದಳು. ಆಮೇಲೆ ಅವಳಿಗೆ ಬಂದ ನಗುವಿನಲ್ಲಿ ಕರುಣೆ ಒಂದು ಹನಿಯೂ ಇರಲಿಲ್ಲ.

"ಇದಕ್ಕೆ ವಿಭೂತಿ ಹಚ್ಚಿದವರು ಯಾರು?"

ಆಯುಧಪೂಜೆಯಲ್ಲಿ ತಾನೇ ಹಚ್ಚಿದ್ದೆ ಎಂದ. ಆಮೇಲೆ ಪ್ರತಿ ಸೋಮವಾರವೂ. ಹೊರಗೊಂದೇ ಅಲ್ಲ, ಬಾಗಿಲು ತೆಗೆದು ಒಳಗಿನ ಗಾಲಿಗೂ ಮೂರು ಬೆರಳು ಎಳೆದು, ಕುಂಕುಮವಿಟ್ಟು. ಗಾಲಿ ಸಲೀಸಾಗಿ ತಿರುಗಲೆಂದು ಒಂದು ತೊಟ್ಟು ಕೊಬ್ಬರಿ ಎಣ್ಣೆಯನ್ನೂ ಬಿಟ್ಟಿದ್ದನಂತೆ.

"ಬ್ಯಾಂಕಲ್ಲಿ ಲೆಕ್ಕದ ಯಂತ್ರಕ್ಕೂ ಎಣ್ಣೆ ಸ್ನಾನ ಮಾಡಿಸ್ತೀರಾ?"

ಸರೋಜಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು.

ಅವರ ಇಂಜೆಕ್ಷನ್‌ಗೆ ಬಳಸುವ ಸ್ಪಿರಿಟ್ ಮನೆಯಲ್ಲಿತ್ತು. ಅಂಬುಜಾಕ್ಷಿ ಕಡ್ಡಿಗೆ ಹತ್ತಿ ಸುತ್ತಿ, ಟೇಪು ತಾಗುವ ಲೋಹದ ತಲೆಯನ್ನು ಒರೆಸಿದಳು. ಹತ್ತಿ ಕೆಂಪಾಯಿತು, ಬೂದುಬಣ್ಣವಾಯಿತು. ರಬ್ಬರ್ ಗಾಲಿಗೆ ಸ್ಪಿರಿಟ್ ಆಗದೆಂದು, ಅದನ್ನು ಸೋಪುನೀರಿನ ಬಟ್ಟೆಯಿಂದ ಉಜ್ಜಿದಳು. ಎಣ್ಣೆಗೆ ಗಾಲಿ ಜಾರಿದರೆ ದನಿ ನಡುಗದೆ ಇನ್ನೇನಾಗುತ್ತದೆ ಎಂದು ಉಜ್ಜುತ್ತಲೇ ಬೈದಳು.

ಆಮೇಲೆ ಕ್ಯಾಸೆಟ್ಟನ್ನು ಅವನ ಮೂಗಿನ ಹತ್ತಿರ ಹಿಡಿದಳು. ಸಾಧಾರಣ ಟೇಪು ಕಂದು, ಇದು ಕಪ್ಪು. ಮದ್ರಾಸಿನ ಬರ್ಮಾ ಬಜಾರಿನಿಂದ ಸೋದರಮಾವ ತಂದ ಕ್ರೋಮ್ ಟೇಪು. ಇದಕ್ಕೆಂದೇ ಡೆಕ್ಕಿನ ಮುಖದ ಮೇಲೆ ಬೇರೆ ಗುಂಡಿ ಇದೆ. ಅದನ್ನು ಒತ್ತದೆ ಹಾಕಿದರೆ ಬರೀ ಉಸ್ಸೆನ್ನುತ್ತದೆ.

"ಆ ಗುಂಡಿ ಯಾಕಿದೆ ಅಂದ್ಕೊಂಡಿದ್ರಿ? ಅಂದಕ್ಕಾ?"

ಸ್ಪಿರಿಟ್ ಆರುವವರೆಗೆ ಕಾಯಬೇಕಿತ್ತು. ಕ್ಯಾಸೆಟ್ ಯಾಕೆ ವಾಪಸ್ ಕಳಿಸಲಿಲ್ಲ ಎಂದು ಅವಳು ಕೇಳಿದಳು.

"ಮರೆತೆ," ಎಂದ, ಕಿಟಕಿಯ ಕಡೆ ನೋಡುತ್ತ.

ಸುಳ್ಳು ಹೇಳೋಕೂ ಬರಲ್ಲ ಇವನಿಗೆ, ಅಂದುಕೊಂಡಳು ಅಂಬುಜಾಕ್ಷಿ.

ಕ್ಯಾಸೆಟ್ಟನ್ನು ಮತ್ತೆ ಹಾಕಿ, ಕ್ರೋಮ್ ಟೇಪಿನ ಗುಂಡಿಯನ್ನೂ ಒತ್ತಿ, ಹಾಡು ಹಚ್ಚಿದಳು.

ಹಜಾರದಲ್ಲಿ ಅವಳ ನಿಜವಾದ ದನಿ ತುಂಬಿತು. ಸ್ವಚ್ಛವಾಗಿ, ಅಲುಗಾಡದೆ. ಸರೋಜಮ್ಮ ಕಣ್ಣು ಮುಚ್ಚಿದರು. ಅಶ್ವತ್ಥಮ್ಮ ಬೆಲ್ಲ ಅಗಿಯುವುದನ್ನು ನಿಲ್ಲಿಸಿದರು.

ಒಂದು ವಚನ ಮುಗಿಯುತ್ತ ಬಂದಾಗ ಚಂದ್ರಶೇಖರಯ್ಯನ ತುಟಿ ತಾನಾಗಿಯೇ ಅಲುಗಿತು. "ಅಮ್ಮಾ, ಹಾಲು..." ಎಂದ, ತನಗೆ ತಾನೇ.

ಮರುಕ್ಷಣವೇ ಟೇಪಿನಲ್ಲಿ ಅಂಬುಜಾಕ್ಷಿ ಹಾಡು ನಿಲ್ಲಿಸಿ, "ಅಮ್ಮಾ, ಹಾಲು ಉಕ್ತಿದೆ ನೋಡು," ಎಂದು ಕೂಗಿ ಕಿಲಕಿಲ ನಕ್ಕಳು. ಮತ್ತೆ ಹಾಡಿದಳು. ಅಳಿಸಲು ಮರೆತ ಜಾಗ ಅದು.

ಅವಳು ಅವನತ್ತ ತಿರುಗಿದಳು. ಅವನ ಕಿವಿ ಕೆಂಪಾಗಿತ್ತು.

"ಎಷ್ಟು ಸಲ ಕೇಳಿದೀರಿ ಇದನ್ನ?"

ಸರೋಜಮ್ಮನೇ ಹೇಳಿದರು, ದಿನಾ ಅದೇ ಹಾಡು ಕೇಳಿ ಕೇಳಿ ತಮಗೂ ಬಾಯಿಪಾಠವಾಗಿದೆಯೆಂದು.

ಅಂಬುಜಾಕ್ಷಿಯ ಎದೆ ಒಮ್ಮೆ ಮೆತ್ತಗಾಯಿತು. ಬೇಡ... ಕರಗಬಾರದು. "ಈಗ ದನಿ ಚೆನ್ನಾಗಿದೆ ಅಂತ ಒಪ್ಪಿಗೆ ಕಳಿಸ್ತೀರೇನೋ. ನಾಳೆ ನನಗೆ ನೆಗಡಿ ಬಂದ್ರೆ ತವರಿಗೆ ವಾಪಸ್ ಕಳಿಸ್ತೀರಾ?"

ಅವನು ಮೊದಲ ಸಲ ಅವಳ ಮುಖ ನೋಡಿ ಮಾತಾಡಿದ.

"ದನಿ ಕೇಳಿ ಬೇಡ ಅಂದವನು ನಾನೇ. ಅಮ್ಮ ಅಲ್ಲ. ಕ್ಯಾಸೆಟ್ ಕಳಿಸೋಕೆ ಮುಂಚೆ ಇನ್ನೊಂದು ಸಲ ಹಾಕಿದೆ... ಆ ನಗು ಬಂತು. ಆಮೇಲೆ ಕೊಡೋಕಾಗಲಿಲ್ಲ. ಬೇಡ ಅಂದ ಬಾಯಲ್ಲಿ ಬೇಕು ಅನ್ನೋಕೂ ಮುಖ ಇರಲಿಲ್ಲ. ಸರಿಹೋದ ದನಿಗೆ ಒಪ್ಪಿದೆ ಅಂದ್ಕೋಬೇಡಿ. ನನಗೆ ಆ ನಡುಗೋ ದನಿಯೇ ಸಾಕಾಗಿತ್ತು."

ಅವನು ಕ್ಯಾಸೆಟ್ ತೆಗೆದು, ಪಂಚೆಯ ಅಂಚಿನಿಂದ ಒರೆಸಿ, ಎರಡೂ ಕೈಯಲ್ಲಿ ಅವಳ ಮುಂದೆ ಹಿಡಿದ. "ತಗೊಳ್ಳಿ. ನಿಮ್ಮದು."

ಅವಳು ತೆಗೆದುಕೊಂಡಳು. ಬಂದ ಕೆಲಸ ಮುಗಿದಿತ್ತು. ಅಶ್ವತ್ಥಮ್ಮ ಹೊರಗೆ ಹೋಗಿ ಚಪ್ಪಲಿ ಮೆಟ್ಟಿದರು.

ಹೊಸ್ತಿಲ ಹತ್ತಿರ ಅಂಬುಜಾಕ್ಷಿ ನಿಂತಳು. ಜಡೆಯಿಂದ ಹೇರ್‌ಪಿನ್ ಎಳೆದು, ಕ್ಯಾಸೆಟ್ಟಿನ ಬೆನ್ನಿನಲ್ಲಿದ್ದ ಎರಡು ಪ್ಲಾಸ್ಟಿಕ್ ಚೂರುಗಳನ್ನು ಟಕ್ಕೆಂದು ಮುರಿದಳು. ಕ್ಯಾಸೆಟ್ಟನ್ನು ಅವನ ಕೈಗೇ ಇಟ್ಟಳು.

"ಇದು ಮುರಿದ್ರೆ ಇದರ ಮೇಲೆ ಇನ್ನೇನನ್ನೂ ರೆಕಾರ್ಡ್ ಮಾಡೋಕಾಗಲ್ಲ. ನಿಮ್ಮಂಥ ಬುದ್ಧಿವಂತರಿಗೆ ಇಷ್ಟಾದ್ರೂ ಅರ್ಥ ಆಗಬೇಕು."

ಅವನ ಬೆರಳು ಮುರಿದ ಜಾಗವನ್ನು ಸವರಿತು. "ರೇಣುಕಯ್ಯನವರನ್ನ ಕಳಿಸಲಾ?"

"ಅವರು ಯಾಕೆ? ನಿಮಗೆ ಕಾಲಿಲ್ವಾ?"

"ಬಂದ್ರೆ... ಒಂದು ಹಾಡು ಹೇಳ್ತೀರಾ?"

"ಹಾಡೋ ಮನಸ್ಸು ಬಂದ್ರೆ."

"ಯಾವಾಗ ಬರುತ್ತೆ ಅದು?"

ಅಂಬುಜಾಕ್ಷಿ ಸೆರಗು ತಲೆಯ ಮೇಲೆಳೆದುಕೊಂಡು ಬಿಸಿಲಿಗಿಳಿದಳು. ನಾಲ್ಕು ಹೆಜ್ಜೆ ಹೋಗಿ, ತಿರುಗದೆಯೇ ಹೇಳಿದಳು.

"ಬಂದಾಯ್ತು."