ನೀರು ಸೋಕಬಾರದ ಇಪ್ಪತ್ತನಾಲ್ಕು ಗಂಟೆ

ಮಾರ್ಚ್ ಒಂಬತ್ತು, ಸೋಮವಾರ, ಬೆಳಿಗ್ಗೆ ಹತ್ತೂಕಾಲು. ಕಾರುಗಳಿಗೆ ಅಲಂಕಾರದ ಸಾಮಾನು ಮಾರುವ ಆ ಅಂಗಡಿಯೊಳಗೆ ಹನ್ನೊಂದು ಜನರಿದ್ದರು. ಹನ್ನೆರಡನೆಯವಳಾಗಿ ಅವಳು ಬಂದಳು. ನಾಲ್ಕು ಹೆಜ್ಜೆ ಹಿಂದೆ ಅವಳ ಅಪ್ಪ.

ಬಂದವಳೇ ಗಾಜಿನ ಕೌಂಟರಿನ ಮೇಲೆ ಐದು ವಸ್ತುಗಳನ್ನು ಒಂದೊಂದಾಗಿ ಕುಕ್ಕಿದಳು. ಎರಡು ಕ್ರೋಮ್ ಪಟ್ಟಿ. ಬಾಗಿಲ ಹಿಡಿಕೆಗೆ ತೊಡಿಸುವ ಎರಡು ಹೊಳೆಯುವ ಕವರು. ಕಿಟಕಿಯ ಮೇಲಂಚಿಗೆ ಅಂಟಿಸುವ ಒಂದು ಕಪ್ಪು ವೈಸರು, ಅದೂ ಎರಡು ಹೋಳಾಗಿ.

"ಇದನ್ನ ಅಂಟಿಸಿದ ಮಹಾನುಭಾವ ಯಾರು?"

ಅಂಗಡಿಯ ಯಜಮಾನ ಹಿಂದೆ ತಿರುಗಿ ನೋಡಿದ. ಹಿಂಬದಿಯಿಂದ ಒಬ್ಬ ಯುವಕ ಕೈ ಒರೆಸಿಕೊಳ್ಳುತ್ತ ಬಂದ. ಪ್ರತಿ ತುಂಡನ್ನೂ ಎರಡು ಸಲ ಅಳೆದು ಅಂಟಿಸುವವನಾದ್ದರಿಂದ ಅಂಗಡಿಯಲ್ಲಿ ಅವನಿಗೆ 'ಅಳತೆ' ಎಂದೇ ಹೆಸರು.

"ನಾನೇ. ಏನಾಯ್ತು ಮೇಡಂ?"

"ಏನಾಯ್ತಾ? ಶನಿವಾರ ಅಂಟಿಸಿದ್ದು ಭಾನುವಾರ ರಸ್ತೆ ಮೇಲಿತ್ತು! ಟೇಪ್ ಹಾಕಿದ್ರೋ, ಎಂಜಲು ಹಚ್ಚಿದ್ರೋ?"

ಹನ್ನೊಂದು ಜನರಲ್ಲಿ ಯಾರೋ ಕಿಸಕ್ಕೆಂದರು. ಅವಳು ನಗಲಿಲ್ಲ. ನಗುವ ಸ್ಥಿತಿಯಲ್ಲಿರಲಿಲ್ಲ.

ಅವರ ಮನೆಯ ಎಸ್‌ಯುವಿಗೆ ಹದಿನಾಲ್ಕು ವರ್ಷ. ಬಣ್ಣ ಮಾಸಿತ್ತು. ಅದನ್ನು ಮಾರಿ ಚಿಕ್ಕದೊಂದು ಹೊಸ ಕಾರು ಕೊಳ್ಳಬೇಕೆಂದು ಅಪ್ಪ ಹಟ ಹಿಡಿದಿದ್ದರು. ಅಮ್ಮ ನಡೆಯಲಾರರು. ಅವರ ಗಾಲಿಕುರ್ಚಿ ಹಳೆಯ ಕಬ್ಬಿಣದ್ದು, ಮಡಚಲು ಬರುವುದಿಲ್ಲ. ಅದು ಹಿಡಿಸುವುದು ಆ ಗಾಡಿಯ ಹಿಂಭಾಗದಲ್ಲಿ ಮಾತ್ರ. ವಾರಕ್ಕೆ ಮೂರು ದಿನ ಅಮ್ಮ ಕಸೂತಿ ಕಲಿಸಲು ಹೋಗುತ್ತಿದ್ದರು. ಗಾಡಿ ಹೋದರೆ ಆ ಮೂರು ದಿನಗಳೂ ಹೋದಂತೆ.

'ನೋಡೋ ಹಾಗೆ ಮಾಡಿ ತೋರಿಸು. ಆಮೇಲೆ ಮಾತಾಡೋಣ' ಎಂದಿದ್ದರು ಅಪ್ಪ. ಅದಕ್ಕೆಂದೇ ಅವಳು ಕೈಗೆಟುಕುವ ಬೆಲೆಯ ಹತ್ತೊಂಬತ್ತು ತುಂಡು ಮಿನುಗನ್ನು ಆರಿಸಿದ್ದಳು. ಶನಿವಾರ ಅವಳಿಗೆ ಲ್ಯಾಬಿನಲ್ಲಿ ರಕ್ತಪರೀಕ್ಷೆಯ ಕೆಲಸ. ಗಾಡಿಯನ್ನು ಅಂಗಡಿಗೆ ಒಯ್ದು ತಂದವರು ಅಪ್ಪ. ಭಾನುವಾರ ಅಕ್ಕನ ಮನೆಗೆ ಹೋಗುವ ದಾರಿಯುದ್ದಕ್ಕೂ ಒಂದೊಂದೇ ಕಳಚಿತು. ಅಕ್ಕನ ಮಾವ ಗೇಟಿನಲ್ಲೇ ನಿಂತು, "ಏನು ಬೀಗರೇ, ನಿಮ್ಮ ಗಾಡಿ ಎಲೆ ಉದುರಿಸ್ತಾ ಬಂತು!" ಎಂದು ನಕ್ಕರು. ಅಪ್ಪ ಅಲ್ಲಿಂದಲೇ ದಲ್ಲಾಳಿಗೆ ಫೋನ್ ಮಾಡಿದರು. ಕೊಳ್ಳುವವನು ಬುಧವಾರ ಬರುತ್ತಾನೆ.

ಇನ್ನು ಎರಡೇ ದಿನ!

ಅಳತೆ ಮುರಿದ ವೈಸರಿನ ಟೇಪನ್ನು ಬೆಳಕಿಗೆ ಹಿಡಿದ. ಹೆಬ್ಬೆರಳಿನಿಂದ ಉಜ್ಜಿದ. ಮೂಗಿನ ಹತ್ತಿರ ತಂದ.

ಸೋಪು.

"ಮೇಡಂ, ಗಾಡಿಗೆ ನೀರು..." ಎಂದವನು ತಲೆಯೆತ್ತಿದ. ಅವಳ ಹೆಗಲಿನಾಚೆ ಅಪ್ಪ ಕನ್ನಡಕ ತೆಗೆದು ಅಂಗಿಯಂಚಿನಿಂದ ಒರೆಸುತ್ತಿದ್ದರು. ಗಾಜು ಶುಭ್ರವಾದ ಮೇಲೂ ಒರೆಸುತ್ತಲೇ ಇದ್ದರು.

ಶನಿವಾರ ಮಧ್ಯಾಹ್ನ ಒಂದು ಗಂಟೆಗೆ ಈ ಹಿರಿಯರಿಗೆ ಅವನು ಎರಡು ಸಲ ಹೇಳಿದ್ದ: 'ಇಪ್ಪತ್ತನಾಲ್ಕು ಗಂಟೆ ನೀರು ಸೋಕಿಸಬೇಡಿ ಸರ್. ಟೇಪ್ ಹಿಡೀಬೇಕು.' ಎರಡು ಸಲವೂ ಅವರು ತಲೆಯಾಡಿಸಿದ್ದರು.

ಈಗ ಒಂದು ವಾಕ್ಯ ಸಾಕಿತ್ತು. ಹನ್ನೊಂದು ಜನರೂ ಆ ಹಿರಿಯರ ಕಡೆ ತಿರುಗುತ್ತಿದ್ದರು.

"ತಪ್ಪು ನಂದೇ," ಎಂದ. "ಮತ್ತೆ ಅಂಟಿಸಿಕೊಡ್ತೀನಿ."

"ನಂದೇ ಅಂದುಬಿಟ್ರೆ ಆಯ್ತಾ? ನಿಮ್ಮ ಬೇಜವಾಬ್ದಾರಿಗೆ ನಮ್ಮನೆ ಮಾನ ಬೀದೀಲಿ ಬಿತ್ತು! ಲ್ಯಾಬಲ್ಲಿ ರಕ್ತ ನೋಡೋ ನಾನು ಹೀಗೆ ಕೆಲಸ ಮಾಡಿದ್ರೆ ಜನ ಸಾಯ್ತಾರೆ, ಗೊತ್ತಾ?"

ಯಜಮಾನ ನಡುವೆ ಬಾಯಿ ಹಾಕಿದ. "ಏನೋ ಅಳತೆ! ಅಳೆಯೋದು ಎರಡು ಸಲ, ಅಂಟಿಸೋದು ಅರ್ಧ ಸಲನಾ? ಇವರ ಕೆಲಸ ಮುಗಿಸಿ ಗೋಡೌನಿಗೆ ಹೋಗು. ಇನ್ನು ಗಾಡಿ ಮುಟ್ಟಬೇಡ!"

ಮುಂದಿನ ಎರಡು ಗಂಟೆ ಅವಳು ಅವನ ಬೆನ್ನ ಹಿಂದೆಯೇ ನಿಂತಳು, ಕಾವಲಿಗೆ ನಿಂತಂತೆ. ಅವನು ಹಳೆಯ ಅಂಟನ್ನು ಬಿಸಿಮಾಡಿ ತೆಗೆದ. ಸ್ಪಿರಿಟ್ ಹಚ್ಚಿ ಒರೆಸಿದ. ಅಳೆದ, ಪೆನ್ಸಿಲ್ ಗುರುತು ಹಾಕಿದ, ಮತ್ತೆ ಅಳೆದ. ಪಟ್ಟಿಯನ್ನು ಒಂದು ತುದಿಯಿಂದ ಇಂಚಿಂಚಾಗಿ ಒತ್ತುತ್ತ ಹೋದ.

'ಇಷ್ಟು ಜಾಗ್ರತೆಯ ಕೈಯಿಂದ ಆ ಕೆಲಸ ಹೇಗೆ ಕೆಟ್ಟಿತು?' ಅವಳಿಗೆ ಲೆಕ್ಕ ಸರಿಹೋಗಲಿಲ್ಲ. ಸರಿಹೋಗದಿದ್ದರಿಂದ ಇನ್ನಷ್ಟು ಸಿಟ್ಟು ಬಂತು. ಸಿಟ್ಟಿನ ನಡುವೆಯೂ ಆ ಬೆರಳುಗಳನ್ನು ನೋಡುತ್ತಲೇ ಇದ್ದಳು... ಅದು ಇನ್ನೂ ದೊಡ್ಡ ಸಿಟ್ಟು!

ಕೊನೆಗೆ ಅವನೆಂದ: "ನಾಳೆ ಇದೇ ಹೊತ್ತಿನ ತನಕ ಒಂದು ಹನಿ ನೀರು ಸೋಕಬಾರದು."

"ಇದನ್ನ ಶನಿವಾರ ಯಾಕೆ ಹೇಳಲಿಲ್ಲ?"

"ಮರೆತೆ."

ಎರಡು ಸಲ ಅಳೆಯುವವನು ಮರೆಯುತ್ತಾನೆಯೇ? ಆ ಪ್ರಶ್ನೆ ಮುಳ್ಳಿನಂತೆ ಅವಳ ಜೊತೆ ಮನೆಗೆ ಬಂತು.

ಅದೇ ಸಂಜೆ ಐದು ಗಂಟೆ. ಲ್ಯಾಬಿನಿಂದ ಬಂದವಳು ಗೇಟಿನಲ್ಲೇ ನಿಂತುಬಿಟ್ಟಳು.

ಅಪ್ಪ ಗಾಡಿಯ ಚಕ್ರ ತೊಳೆಯುತ್ತಿದ್ದರು. ಒಂದು ಕೈಯಲ್ಲಿ ಮಗ್ಗು. ಇನ್ನೊಂದು ಕೈಯಲ್ಲಿ ಹಳೆಯ ರಟ್ಟು. ನೀರು ಮೇಲಿನ ಪಟ್ಟಿಗೆ ಸಿಡಿಯದಂತೆ ಕೊಡೆಯ ಹಾಗೆ ಹಿಡಿದಿದ್ದರು.

"ಅಪ್ಪ... ಶನಿವಾರ ಸಂಜೆ ಗಾಡಿ ತೊಳೆದ್ರಾ?"

ಮಗ್ಗು ಕೆಳಗಿಳಿಯಿತು.

"ಸೋಪು ಹಾಕಿ ತೊಳೆದ್ರಾ?"

"ಹದಿನಾಲ್ಕು ವರ್ಷ ಆಯ್ತಮ್ಮ. ಒಂದು ಸಂಜೆ ತಪ್ಪಿಸಿಲ್ಲ. ಐದು ಗಂಟೆ ಆದ್ರೆ ಕೈ ಸುಮ್ಮನಿರಲ್ಲ."

"ಅವನು ಹೇಳಿದ್ನಾ, ನೀರು ಹಾಕಬೇಡಿ ಅಂತ?"

"ಎರಡು ಸಲ ಹೇಳಿದ," ಎಂದರು ಅಪ್ಪ, ರಟ್ಟಿಗೆ ಹೇಳುವಂತೆ.

ಅವಳ ಕಿವಿ ಸುಟ್ಟಿತು. "ಮತ್ತೆ ಅಂಗಡೀಲಿ ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ರಲ್ಲ! ಅವನಿಗೆ ಎಂಜಲು ಅಂದೆ, ಬೇಜವಾಬ್ದಾರಿ ಅಂದೆ... ಎಲ್ಲಾ ಕೇಳಿಸಿಕೊಂಡ್ರಲ್ಲ ಅಪ್ಪ!"

"ಅಷ್ಟು ಜನ ಇದ್ರು. ನನಗೆ... ಆಗಲಿಲ್ಲ."

ಕಿಟಕಿಯ ಒಳಗಿನಿಂದ ಅಮ್ಮನ ಧ್ವನಿ ಬಂತು. "ಚೆನ್ನಾಗಿದೆ! ಗಾಡಿ ಮುಖಕ್ಕೆ ಪೌಡರ್ ಹಚ್ಚೋಳು ಒಬ್ಬಳು, ಹಚ್ಚಿದ್ದನ್ನ ತೊಳೆಯೋರು ಒಬ್ಬರು. ಅದರಲ್ಲಿ ಕೂರೋಳು ನಾನು. ನನ್ನನ್ನ ಒಬ್ಬರಾದ್ರೂ ಕೇಳಿದ್ರಾ?"

ಮಂಗಳವಾರ ಅಮ್ಮನ ಕಸೂತಿ ತರಗತಿಯ ದಿನ. ಅವಳು ಗಾಡಿಯನ್ನು ತರಗತಿಗೆ ಒಯ್ಯುವ ಮೊದಲು ಅಂಗಡಿಯ ಮುಂದೆ ನಿಲ್ಲಿಸಿದಳು. ಮುಂದಿನ ಸೀಟಿನಲ್ಲಿ ಅಮ್ಮ, ಹಿಂದೆ ಅಪ್ಪ, ಎಲ್ಲರಿಗಿಂತ ಹಿಂದೆ ಗಾಲಿಕುರ್ಚಿ.

ಅಪ್ಪ ಯಜಮಾನನ ಮುಂದೆ ನಿಂತು ಒಂದೇ ಉಸಿರಿನಲ್ಲಿ ಹೇಳಿದರು. "ಆ ಹುಡುಗನ ತಪ್ಪಿಲ್ಲ. ನೀರು ಹಾಕಿದ್ದು ನಾನು."

ಯಜಮಾನ ತಲೆ ಕೆರೆದುಕೊಂಡು ಗೋಡೌನಿನ ಕಡೆ ಕೂಗಿದ. "ಅಳತೇ! ಈಚೆ ಬಾರೋ. ಗಾಡಿ ಮುಟ್ಟು ಹೋಗು!"

ಅಳತೆ ಮೈತುಂಬ ಧೂಳಾಗಿ ಹೊರಬಂದ. ಅವಳು ಕ್ಷಮೆ ಕೇಳಲೆಂದೇ ಬಂದಿದ್ದಳು. ದಾರಿಯಲ್ಲಿ ವಾಕ್ಯವನ್ನೂ ಜೋಡಿಸಿಕೊಂಡಿದ್ದಳು. ಆದರೆ ಆ ಶಾಂತ ಮುಖ ಕಂಡ ಕೂಡಲೇ ಜೋಡಿಸಿದ್ದೆಲ್ಲ ಚದುರಿತು.

"ನನಗೆ ಸುಳ್ಳು ಹೇಳೋ ಅಧಿಕಾರ ನಿಮಗೆ ಯಾರು ಕೊಟ್ರು?"

"ಏನು?"

"ತಪ್ಪು ನಂದೇ ಅಂದ್ರಲ್ಲ! ದೊಡ್ಡ ತ್ಯಾಗ ಮಾಡಿದ ಹಾಗೆ! ತಪ್ಪಿಲ್ಲದೋನನ್ನ ಬೈದ ಪಾಪ ನನ್ನ ತಲೆಗೆ ಕಟ್ಟಿದ್ರಿ. ನಾನು ಹಾಗೆ ಬೈಯೋಳಲ್ಲ. ನೀವು ಹಾಗೆ ಮಾಡಿಟ್ರಿ!"

ಅವನ ಶಾಂತಿ ಒಡೆಯಿತು. "ಮತ್ತೇನು ಮಾಡಬೇಕಿತ್ತು? ನಿಮ್ಮ ಅಪ್ಪನ್ನ ಎಲ್ಲರೆದುರು ಹಿಡಿದುಕೊಡಬೇಕಿತ್ತಾ? ಬೈಯೋ ಮುಂಚೆ ಒಂದು ಪ್ರಶ್ನೆ ಕೇಳೋಕೆ ನಿಮಗೇನು ಕಷ್ಟ? ನಿಮ್ಮ ಲ್ಯಾಬಲ್ಲೂ ರಕ್ತ ನೋಡೋ ಮುಂಚೆನೇ ರಿಪೋರ್ಟ್ ಬರೀತೀರಾ?"

ಅವಳ ಕಣ್ಣು ತುಂಬಿತು, ಅದನ್ನೂ ಸಿಟ್ಟಿನಿಂದಲೇ ಒರೆಸಿಕೊಂಡಳು.

"ನಾಳೆ ಗಾಡಿ ಮಾರಾಟ ಆಗುತ್ತೆ," ಎಂದಳು. "ಅದು ಹೋದ್ರೆ ಅಮ್ಮ ಮನೆ ಬಿಟ್ಟು ಹೊರಗೆ ಬರೋಕಾಗಲ್ಲ. ಆ ಕುರ್ಚಿ ಬೇರೆ ಯಾವುದರಲ್ಲೂ ಹಿಡಿಸಲ್ಲ. ಅದಕ್ಕೇ ಈ ಬೇಗಡೆ ಎಲ್ಲ ಅಂಟಿಸಿದ್ದು. ಸಾಕಾ?"

ಅವನು ಒಂದು ಕ್ಷಣ ಗಾಡಿಯನ್ನು ನೋಡಿದ. "ಹೊಸ ಕಾರು ಯಾವುದು ತಗೋತಾರೆ?"

ಅವಳು ಹೇಳಿದಳು. ಅಂಥದೇ ಒಂದು ಚಿಕ್ಕ ಕಾರು ಸೀಟ್ ಕವರಿಗಾಗಿ ಅಂಗಡಿಯ ಮುಂದೆಯೇ ನಿಂತಿತ್ತು. ಅಳತೆ ಜೇಬಿನಿಂದ ಅಳೆಯುವ ಟೇಪು ತೆಗೆದ. ಮೊದಲು ಗಾಲಿಕುರ್ಚಿಯ ಅಗಲ ಹಿಡಿದ. ನಂತರ ಚಿಕ್ಕ ಕಾರಿನ ಹಿಂಬಾಗಿಲು ತೆರೆದ.

"ಸರ್, ಈ ತುದಿ ಹಿಡ್ಕೊಳ್ಳಿ. ನಾನು ಹೇಳಲ್ಲ. ನೀವೇ ಓದಿ."

ಅಪ್ಪ ಕನ್ನಡಕ ಸರಿಮಾಡಿಕೊಂಡರು. ಅಡ್ಡ ಮಲಗಿಸಿದರೂ ಕುರ್ಚಿ ಅರವತ್ತನಾಲ್ಕು ಸೆಂಟಿಮೀಟರ್. ಬಾಗಿಲಿನ ಎತ್ತರ ಐವತ್ತೆಂಟು.

"ಇನ್ನೊಂದ್ಸಲ ಅಳೆ," ಎಂದರು.

ಎರಡನೆಯ ಸಲವೂ ಐವತ್ತೆಂಟು.

"ಮೇಲೆ ಕಟ್ಟೋಕೆ ಆಗಲ್ವಾ?"

"ಕಟ್ಟಬಹುದು ಸರ್. ದಿನಾ ಹತ್ತಿಸಿ ಇಳಿಸೋರು ಯಾರು?"

ಅಮ್ಮ ಕಿಟಕಿಯಿಂದ ಮುಖ ಹೊರಹಾಕಿದರು. "ರೀ, ಆರು ಸೆಂಟಿಮೀಟರ್ ಕಡಿಮೆ ಬಿತ್ತು. ನನ್ನಲ್ಲಿ ಎಲ್ಲಿ ಕತ್ತರಿಸ್ತೀರಿ, ನೋಡಿ ಹೇಳಿ."

ಅಪ್ಪ ನಗಲಿಲ್ಲ. 'ಅವಳಿಗೆ ಟ್ಯಾಕ್ಸಿ ಮಾಡಿಸಿದರಾಯಿತು' ಎಂದು ಮೂರು ತಿಂಗಳಿಂದ ಹೇಳುತ್ತ ಬಂದಿದ್ದರು. ಬೀಗರ ನಗೆಯನ್ನು ಎಣಿಸಿದ್ದರು. ಕುರ್ಚಿಯನ್ನು ಒಮ್ಮೆಯೂ ಅಳೆದಿರಲಿಲ್ಲ. ಟೇಪಿನ ತುದಿಯನ್ನು ಮೆಲ್ಲಗೆ ಬಿಟ್ಟು, ಫೋನ್ ತೆಗೆದು ದಲ್ಲಾಳಿಗೆ ಹೇಳಿದರು: "ನಾಳೆ ಬರೋದು ಬೇಡ. ಗಾಡಿ ಕೊಡ್ತಾ ಇಲ್ಲ."

ಅವಳು ಅಳತೆಯ ಕಡೆ ನೋಡಿದಳು. ಕ್ಷಮೆಯ ಮಾತು ತುಟಿಯವರೆಗೆ ಬಂತು. ಅಷ್ಟರಲ್ಲಿ ಅವನು, "ಹತ್ತೊಂಬತ್ತು ತುಂಡು ಅಂಟಿಸೋ ಬದಲು ಮೊದಲೇ ಅಳೀಬಾರದಿತ್ತಾ?" ಎಂದ. ಮಾತು ಒಳಗೇ ಇಂಗಿತು!

ಮುಂದಿನ ಮೂರು ವಾರಗಳಲ್ಲಿ ಅವಳು ಆರು ಸಲ ಆ ಅಂಗಡಿಗೆ ಬಂದಳು. ವೀಲ್ ಕ್ಯಾಪ್ ಗಡಗಡ ಅನ್ನುತ್ತದೆ. ಮಿರರ್ ಕವರ್ ಸೊಟ್ಟ ಇದೆ. ಪಟ್ಟಿಯ ಅಂಚು ಎದ್ದಿದೆ. ಆರು ದೂರುಗಳಲ್ಲಿ ನಿಜವಾದವು ಎರಡು. ಪ್ರತಿ ಸಲವೂ ಜಗಳವಾಯಿತು. ಪ್ರತಿ ಜಗಳವೂ ಹಿಂದಿನದಕ್ಕಿಂತ ಸ್ವಲ್ಪ ಉದ್ದವಾಯಿತು.

ಆರನೆಯ ಸಲ, ಮಾರ್ಚ್ ಮೂವತ್ತರಂದು, ಅವನು ಬಾಗಿಲಿನ ಬಳಿ ಮಂಡಿಯೂರಿ ಎದ್ದುನಿಂತ ಪಟ್ಟಿಯನ್ನು ಬಹಳ ಹೊತ್ತು ನೋಡಿದ.

"ಇದು ತಾನಾಗಿ ಎದ್ದಿಲ್ಲ. ಉಗುರಿನ ಗೆರೆ ಇದೆ. ಮೂರು ಸಲ ಕಿತ್ತಿದೀರಿ. ಎರಡು ಸಲ ಅದು ಕಿತ್ತು ಬಂದಿಲ್ಲ. ಅಷ್ಟು ಗಟ್ಟಿ ಇತ್ತು ನನ್ನ ಕೆಲಸ."

ಅವಳ ಮುಖ ಕೆಂಪಾಯಿತು. "ಹೌದು, ಕಿತ್ತೆ! ಏನೀಗ? ಒಂದು ದಿನ ಆದ್ರೂ ಫೋನ್ ಮಾಡಿದ್ರಾ? ಗಾಡಿ ಹೇಗಿದೆ, ಗಾಡಿಯವಳು ಹೇಗಿದಾಳೆ ಅಂತ ಕೇಳಿದ್ರಾ? ಎಲ್ಲದಕ್ಕೂ ನಾನೇ ಬರಬೇಕು, ನಾನೇ ಕೀಳಬೇಕು!"

"ದಿನಾ ಸಂಜೆ ಐದಕ್ಕೆ ನಿಮ್ಮಪ್ಪ ನನಗೆ ಫೋನ್ ಮಾಡ್ತಾರೆ."

ಅವಳು ಅವನತ್ತ ಬಗ್ಗಿದಳು. "ಯಾಕೆ?"

"'ಇವತ್ತು ನೀರು ಹಾಕಬಹುದಾ' ಅಂತ ಕೇಳೋಕೆ. 'ಹಾಕಿ' ಅನ್ನೋಕೆ ಒಂದು ಕ್ಷಣ ಸಾಕು. ನಾನು ಹತ್ತು ನಿಮಿಷ ಎಳೀತೀನಿ. ಯಾವ ಸೋಪು, ಯಾವ ಬಟ್ಟೆ, ಬಕೆಟ್ ಎಷ್ಟು ದೊಡ್ಡದು... ಎಲ್ಲಾ ಕೇಳ್ತೀನಿ." ಅವನ ಧ್ವನಿ ಗಡುಸಾಗಿಯೇ ಇತ್ತು; ಕಣ್ಣು ಮಾತ್ರ ಪಟ್ಟಿಯ ಮೇಲಿತ್ತು. "ಫೋನಲ್ಲಿ ನಿಮ್ಮಪ್ಪನ ಹಿಂದೆ ನೀವು ಯಾರನ್ನಾದ್ರೂ ಬೈತಾ ಇರ್ತೀರಿ. ಅದು ಕೇಳಿಸುತ್ತೆ. ಕೇಳಿಸದೆ ಇದ್ದ ದಿನ ನನಗೆ ಊಟ ಸೇರಲ್ಲ. ಸಾಕಾ? ಇನ್ನೂ ಬಿಡಿಸಿ ಹೇಳಬೇಕಾ?"

'ಇವನಿಗೆ ಇದನ್ನೂ ಸಿಟ್ಟಿನಲ್ಲೇ ಹೇಳಬೇಕಿತ್ತೇ...' ಎಂದುಕೊಂಡಳು. ಎದೆ ಮಾತ್ರ ಮೂರು ಬಡಿತದ ಜಾಗದಲ್ಲಿ ನಾಲ್ಕು ಬಡಿಯಿತು.

"ಹೇಳಿ," ಎಂದಳು. "ಬಿಡಿಸಿ ಹೇಳಿ."

"ನೀವು ಬೇಕು. ಆದ್ರೆ ನನಗೂ ಕೋಪ ಕಮ್ಮಿ ಇಲ್ಲ. ಇಬ್ಬರೂ ಒಂದೇ ಮನೇಲಿದ್ರೆ ದಿನಕ್ಕೊಂದು ಪಾತ್ರೆ ಒಡೆಯುತ್ತೆ."

"ಸ್ಟೀಲಿನವೇ ತಗೊಳ್ಳೋಣ."

ಅವನು ತಲೆಯೆತ್ತಿದ. ಇಪ್ಪತ್ತೆರಡು ದಿನಗಳಲ್ಲಿ ಮೊದಲ ಬಾರಿಗೆ ಇಬ್ಬರೂ ಒಟ್ಟಿಗೆ ನಕ್ಕರು.

"ಒಂದು ಮಾತು," ಎಂದ ಅವನು. "ನೀವು ಇನ್ನೂ ಕ್ಷಮೆ ಕೇಳಿಲ್ಲ."

"ಕೇಳಲ್ಲ."

"ಅಂದ್ರೆ?"

"ಅದು ಬಾಕಿ ಇರಲಿ," ಎಂದಳು ಅವಳು, ಅವನ ಪಕ್ಕದಲ್ಲಿ ಕುಳಿತು ಪಟ್ಟಿಯ ಇನ್ನೊಂದು ತುದಿಯನ್ನು ಒತ್ತಿ ಹಿಡಿಯುತ್ತ. "ವಸೂಲಿ ಮಾಡೋಕೆ ದಿನಾ ನೀವೇ ಬನ್ನಿ."